ನಳದ ಹೊತ್ತಿನ ಬಾಯೋರು

ಮುಲುಂಡಿನ ಆ ಚಾಳಿನಲ್ಲಿ ಬಾಯೋರು ಎಂದರೆ ಒಬ್ಬಳೇ, ಪೇಂಟರ್ ಉಸ್ಮಾನನ ಹೆಂಡತಿ ಅಮೀರುನ್ನೀಸಾ. ಸಾಲಿ ಕಲಿಸುವ ಹೆಂಗಸನ್ನು ಹಾಗೆ ಕರೆಯುವುದು ಬಿಜಾಪುರದ ಕಡೆಯ ರೂಢಿ. ಹಾಗೆ ಕರೆಸಿಕೊಳ್ಳುವುದು ಅವಳಿಗೆ ಎಷ್ಟು ಇಷ್ಟವೆಂದರೆ, ಓಣಿಯ ಆ ತುದಿಯಿಂದ ಮಕ್ಕಳು "ಬಾಯೋರಾ" ಎಂದು ಕೂಗಿದರೆ ಈ ತುದಿಯಲ್ಲಿ ಕೇಳಿಸದವಳಂತೆ ನಡೆಯುತ್ತಿದ್ದಳು. ಇನ್ನೊಂದು ಸಲ ಕೂಗಲಿ, ನಾಲ್ಕು ಮನೆಗೆ ಕೇಳಲಿ ಎಂಬ ಆಸೆ. ಕೂಗಿದ ಮೇಲೆ ತಿರುಗಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಏನೋ?" ಎಂದು ಕೇಳುವ ಠೀವಿಯನ್ನು ನೋಡಬೇಕಿತ್ತು.

ಅವಳು ಇಂಡಿ ತಾಲೂಕಿನವಳು. ಮನೆಯಲ್ಲಿ ದಖನಿ ಉರ್ದು, ಬಾಗಿಲು ದಾಟಿದರೆ ಕನ್ನಡ, ಸ್ಟೇಶನ್ ದಾಟಿದರೆ ಹಿಂದಿ. ಊರಿನ ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಹೆಸರು ಮಾಡಿದ್ದಳು. ಆ ಹೆಸರನ್ನು ಸೆರಗಿಗೆ ಗಂಟು ಹಾಕಿಕೊಂಡು ಮುಂಬಯಿಗೆ ಬಂದವಳು ವರ್ಷಗಟ್ಟಲೆ ರೊಟ್ಟಿ ಬಡಿದಳು, ಗಂಡನ ಸುಣ್ಣ ಮೆತ್ತಿದ ಅಂಗಿ ಒಗೆದಳು. ಮಕ್ಕಳಾಗಲಿಲ್ಲ. ಅಷ್ಟರಲ್ಲಿ ಮುನಿಸಿಪಾಲಿಟಿಯವರು ಅಲ್ಲಿನ ಕನ್ನಡ ಸಾಲಿಯಲ್ಲಿ ಸಂಜೆವರ್ಗ ತೆರೆದರು. ಸಾಲಿ ಬಿಟ್ಟ ಮೇಲೆ ಕೂಲಿಕಾರರ ಮಕ್ಕಳು ರೈಲು ಹಳಿ, ಕಟ್ಟುತ್ತಿರುವ ಬಿಲ್ಡಿಂಗು ಎಂದು ಅಲೆಯಬಾರದು, ಅಪ್ಪ ಅವ್ವ ಕೆಲಸದಿಂದ ಮರಳುವ ತನಕ ಒಂದು ಕಡೆ ಕೂತು ಓದಬೇಕು, ಆಡಬೇಕು, ಒಂದು ಹಿಡಿ ಬೇಯಿಸಿದ ಕಾಳಿನ ಉಸಳಿ ತಿನ್ನಬೇಕು. ಇಷ್ಟೇ ಅದರ ಉದ್ದೇಶ. ಆ ಕೆಲಸ ಅಮೀರುನ್ನೀಸಾಳಿಗೆ ಸಿಕ್ಕಿತು. ಸಿಕ್ಕ ದಿನದಿಂದ ಅವಳ ನಡಿಗೆಯೇ ಬದಲಾಯಿತು. ಆ ಮಕ್ಕಳನ್ನು ಅವಳು ಬೇರೆಯವರ ಮಕ್ಕಳೆಂದು ಎಣಿಸಲೇ ಇಲ್ಲ. ಅದರಲ್ಲೂ ಗೌಂಡಿ ರಾಜೇಸಾಬನ ಮಗಳು ಹಸೀನಾ ಎಂದರೆ ಜೀವ. ಆ ಹುಡುಗಿಯ ಅಕ್ಷರ ಮುತ್ತು ಪೋಣಿಸಿದಂತಿತ್ತು, ಅದನ್ನು ತಿದ್ದಿದವಳು ತಾನು ಎಂಬ ಹೆಮ್ಮೆ ಬೇರೆ.

ಎಪ್ಪತ್ತಮೂರರ ಜೂನಿನಲ್ಲಿ ಸಾಲಿಯ ಹೆಡ್‌ಮಾಸ್ತರ ಶೇಖರ ಅವಳನ್ನು ಕರೆದರು. ಅವರು ಕಾರ್ಕಳದ ಕಡೆಯವರು, ಮೆತ್ತಗಿನ ಮಾತಿನ ಮನುಷ್ಯ.

"ನೋಡಿ ಬಾಯಿ, ಮಕ್ಕಳು ಹೆಚ್ಚಾದ್ರು. ಮೇಲಿನವರು ಇನ್ನೊಂದು ವರ್ಗ ಕೊಟ್ಟಿದ್ದಾರೆ. ಇದು ಸರಿಯಾಗಿ ನಡೆದ್ರೆ ಬಾಂದ್ರಾದಲ್ಲಿ, ಅಂಧೇರಿಯಲ್ಲಿ ಕೂಡ ತೆಗೀತಾರಂತೆ. ಕೋಣೆ ಉಂಟು, ಮಕ್ಕಳು ಉಂಟು. ಕಲಿಸುವವರು ಎಲ್ಲಿ ಸಿಗ್ತಾರೆ ಮಾರಾಯ್ರೇ? ಕನ್ನಡ ಗೊತ್ತಿರುವವರೇ ಆಗಬೇಕು."

"ಅದಕ್ಕೇನ್ರಿ ಸರ್, ಮುಂಬಯಿ ತುಂಬ ನಮ್ಮ ಮಂದೀನ ಅದಾರ. ನಾ ಹುಡುಕಿ ತರತೀನಿ" ಎಂದು ಅಮೀರುನ್ನೀಸಾ ನಕ್ಕಳು.

ನಕ್ಕದ್ದು ಅಷ್ಟೇ ಲಾಭ. ಮೊದಲು ಮೆಟ್ರಿಕ್ ಆದ ಮಂಗಳೂರಿನ ಹುಡುಗಿಯೊಬ್ಬಳು ಬಂದಳು. ಮಕ್ಕಳ ಹೆಸರು ಕಲಿಯುವ ಮೊದಲೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೌಕರಿ ಸಿಕ್ಕಿ ಹೊರಟುಹೋದಳು. ಆಮೇಲೆ ಗಿರಣಿಯ ಚಂದ್ರಾಮ ಬಂದ. ಮೊದಲ ಪಾಳಿ ಮುಗಿಸಿ ನೇರವಾಗಿ ಸಾಲಿಗೆ ಬಂದವನು ಕುರ್ಚಿಯಲ್ಲಿ ಕೂತೊಡನೆ ಗೊರಕೆ ಹೊಡೆಯುತ್ತಿದ್ದ, ಮಕ್ಕಳು ಅವನ ಚಪ್ಪಲಿ ಬಚ್ಚಿಟ್ಟು ಆಡುತ್ತಿದ್ದರು. ಗಂಡಸು ಕಲಿಸುವ ವರ್ಗಕ್ಕೆ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ ಎಂದು ತಾಯಂದಿರು ಹಟ ಹಿಡಿದ ಮೇಲೆ ಅವನೂ ಹೋದ. ಉಳಿದವರು ಚಾಳುಗಳ ಹೆಂಗಸರು. ಓದು ಬರಹ ಬಲ್ಲವರು ಅವರಲ್ಲಿ ಇಲ್ಲದಿಲ್ಲ. ಆದರೆ ಅವರಿಗೆ ಅಡ್ಡ ನಿಂತದ್ದು ನಳ.

ಆ ಭಾಗದ ಚಾಳುಗಳಿಗೆಲ್ಲ ನಳದ ನೀರು ಸಂಜೆಗೇ ಬರುತ್ತಿತ್ತು, ದೀಪ ಹಚ್ಚುವ ಹೊತ್ತಿಗೆ ನಿಲ್ಲುತ್ತಿತ್ತು. ಸಂಜೆವರ್ಗದ ಹೊತ್ತೂ ಅದೇ. ಈ ಹೊತ್ತನ್ನು ಗೊತ್ತುಮಾಡಿದ ಮಹಾಶಯರ ಮನೆಗಳಲ್ಲಿ ನೀರು ತಾನಾಗಿಯೇ ಮಾಳಿಗೆ ಹತ್ತಿ ಬರುತ್ತಿರಬೇಕು. ಚಾಳಿನ ಹೆಂಗಸಿಗೆ ಆ ಹೊತ್ತಿನಲ್ಲಿ ನಳ ಬಿಟ್ಟು ಹೋಗುವುದೆಂದರೆ ಮರುದಿನದ ತನಕ ಮನೆಯವರ ಬಾಯಿಗೆ ನೀರಿಲ್ಲ ಎಂದೇ ಅರ್ಥ. ಹಿಂದಿನ ಸಾಲಿನ ಮನೆಯ ಮಲ್ಲವ್ವನೂ ಮುಲ್ಕಿ ಪಾಸಾದವಳೇ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು: "ಸಾಲಿ ಕಲಸಾಕ ನಾ ಬರತೀನ್ರಿ ಬಾಯೋರ. ನಮ್ಮ ಮನಿ ನೀರ ಯಾರ ತುಂಬತಾರ? ನಿಮ್ಮ ಮುನಸಿಪಾಲ್ಟಿ ಸಾಹೇಬ ಬಂದು ಕೊಡಾ ಹಚ್ಚತಾನೇನು?"

ಅಮೀರುನ್ನೀಸಾಳಿಗೆ ಆ ಚಿಂತೆ ಇರಲಿಲ್ಲ, ಏಕೆಂದರೆ ಅವಳ ಮನೆಯಲ್ಲಿ ಅಜೀಜಾಬಿ ಇದ್ದಳು. ಅತ್ತೆ ಎಂಬ ಆ ಮುದುಕಿ ನಳದ ಕಟ್ಟೆಯ ಮೇಲೆ ಕೂತರೆ ಇಡೀ ಚಾಳು ಸಾಲಿನಲ್ಲಿ ನಿಲ್ಲುತ್ತಿತ್ತು. ಕೊಡ ಮುಂದೆ ತಳ್ಳಿದವಳ ಏಳು ತಲೆಮಾರನ್ನು ದಖನಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಜಾಲಾಡುತ್ತಿದ್ದಳು. ಸೊಸೆ ಸಾಲಿಗೆ ಹೋಗುವುದು ಅವಳಿಗೂ ದೊಡ್ಡಸ್ತಿಕೆಯ ವಿಷಯವಾಗಿದ್ದರಿಂದ ದಿನಾ ನೀರು ತಾನೇ ತುಂಬುತ್ತಿದ್ದಳು.

ಕಡೆಗೆ ಪಕ್ಕದ ಮನೆಯ ಸುಂದ್ರವ್ವನನ್ನು ಅಮೀರುನ್ನೀಸಾಳೇ ಕೇಳಿದಳು. ಸುಂದ್ರವ್ವ ಸೆಂಟ್ರಿಂಗ್ ಕೆಲಸದ ರಾಮಪ್ಪನ ಹೆಂಡತಿ, ಮೂರು ಮಕ್ಕಳ ತಾಯಿ, ವಯಸ್ಸಿನಲ್ಲಿ ಚಿಕ್ಕವಳು. ಅವಳೂ ನೀರಿನ ಮಾತೆತ್ತಿದಾಗ ಒಳಗಿನಿಂದ ಅಜೀಜಾಬಿ ಕೂಗಿ ಹೇಳಿದಳು: "ಹೋಗ ಬೇಟಿ, ಹೋಗು. ನಿನ್ನ ಕೊಡಾನೂ ನಾ ತುಂಬಿ ನಿನ್ನ ಬಾಗಿಲಾಗ ಇಡತೀನಿ. ಎರಡ ಕೊಡಾ ಹೆಚ್ಚಿಗಿ ಆದರ ಏನ ನನ್ನ ಸೊಂಟ ಮುರೀತದೇನು?"

ಹೀಗೆ ಸುಂದ್ರವ್ವ ಬಾಯೋರಾದಳು. ಮೊದಮೊದಲು ಮಕ್ಕಳು ಸಣ್ಣ ಬಾಯೋರು ಎನ್ನುತ್ತಿದ್ದರು. ತನ್ನನ್ನು ದೊಡ್ಡ ಬಾಯೋರು ಎಂದದ್ದು ಅಮೀರುನ್ನೀಸಾಳಿಗೆ ಹಿತವಾಗಿಯೇ ಕೇಳಿಸಿತು. ಆದರೆ ಮಳೆಗಾಲ ಮುಗಿಯುವ ಮೊದಲೇ ಆ 'ಸಣ್ಣ' ಎಂಬುದು ಎಲ್ಲೋ ಉದುರಿಹೋಯಿತು. ಬರೀ ಬಾಯೋರು ಎಂದರೆ ಈಗ ಸುಂದ್ರವ್ವ, ತಾನು ಮಾತ್ರ ದೊಡ್ಡ ಬಾಯೋರು, ಮೂಲೆಯಲ್ಲಿ ಕೂಡಿಸಿದ ಅಜ್ಜಿಯ ಹಾಗೆ.

ಇಷ್ಟಕ್ಕೆಲ್ಲ ಕಾರಣ ಸುಂದ್ರವ್ವನ ಹೆರಳು. ಅವಳು ತನ್ನ ವರ್ಗದಲ್ಲಿ ಬಾಚಣಿಗೆ, ಕೊಬ್ಬರಿ ಎಣ್ಣೆ ಇಟ್ಟುಕೊಂಡಿದ್ದಳು. ನಸುಕಿನಲ್ಲೇ ಕೆಲಸಕ್ಕೆ ಹೋಗುವ ತಾಯಂದಿರ ಹೆಣ್ಣುಮಕ್ಕಳ ತಲೆ ಬಾಚುವವರು ಯಾರೂ ಇರಲಿಲ್ಲ. ಒಬ್ಬೊಬ್ಬಳನ್ನೇ ಮುಂದೆ ಕೂಡಿಸಿಕೊಂಡು ಹೆರಳು ಹಾಕುತ್ತಾ ಮಗ್ಗಿ ಹೇಳಿಸುತ್ತಿದ್ದಳು. ಮಗ್ಗಿ ತಪ್ಪಿದರೆ ಹಾಕಿದ ಹೆರಳನ್ನು ಅಷ್ಟೂ ಬಿಚ್ಚಿ ಮೊದಲಿನಿಂದ ಶುರು. ಹುಡುಗಿಯರು ಬೇಕೆಂದೇ ತಪ್ಪು ಹೇಳುತ್ತಿದ್ದರು. ಅವಳ ಕೋಣೆಯಿಂದ ನಗು, ಚಪ್ಪಾಳೆ, ಒಂಬತ್ತೇಳಲೆ ಎಷ್ಟೆಂಬ ಜಗಳ. ಅಮೀರುನ್ನೀಸಾಳ ಕೋಣೆಯಲ್ಲಿ ಶುದ್ಧಬರಹ.

"ಸಾಲಿ ಅಂದರ ಹಜಾಮನ ಅಂಗಡಿ ಅಲ್ಲ" ಎಂದು ಒಂದು ದಿನ ಶೇಖರರ ಮುಂದೆ ಹೇಳಿಯೂ ನೋಡಿದಳು.

"ಮಗ್ಗಿ ಬಂತಲ್ಲ ಬಾಯಿ ಮಕ್ಕಳಿಗೆ" ಎಂದರು ಅವರು. "ಮೊನ್ನೆ ನಾನೇ ಕೇಳಿದೆ, ಎಲ್ಲಾ ಸರಿ ಹೇಳ್ತಾವೆ."

ಅವಳಿಗೆ ಹೊಟ್ಟೆಕಿಚ್ಚು. ಬೇರೆ ಹೆಸರು ಕೊಟ್ಟು ಅದನ್ನು ಮುಚ್ಚುವುದು ಬೇಡ. ಸುಂದ್ರವ್ವನ ಮೂರು ಮಕ್ಕಳನ್ನು ಕಂಡು ಇಷ್ಟು ವರ್ಷ ಆಗದ ಸಂಕಟ ಈಗ ಆಗತೊಡಗಿತು. ಮನೆಯಲ್ಲಿ ಮೂರು ಇಟ್ಟುಕೊಂಡವಳು ನನ್ನ ಮಕ್ಕಳಿಗೂ ಕೈ ಹಾಕಿದಳಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದಳು. ಸುಂದ್ರವ್ವ ನಕ್ಕರೆ ಉರಿ, ನಗದಿದ್ದರೆ ಜಂಬವೆಂದು ಉರಿ, ಅಕ್ಕಾ ಎಂದು ಮಾತಾಡಿಸಿದರೆ ನಾಟಕವೆಂದು ಉರಿ. ಒಂದು ಸಂಜೆ ಹಸೀನಾ ತನ್ನ ಬರೆಯುವ ಪಾಟಿ ಎತ್ತಿಕೊಂಡು ಮೆಲ್ಲಗೆ ಆಚೆಯ ಕೋಣೆಗೆ ಹೋದಳು. ಮರಳಿ ಬಂದಾಗ ಎಣ್ಣೆ ಹಚ್ಚಿ ಬಿಗಿದ ಎರಡು ಹೆರಳು, ಕೆಂಪು ರಿಬ್ಬನ್ನು.

"ಯಾರನ್ನ ಕೇಳಿ ಹೋದಿ?" ಎಂದಳು ಅಮೀರುನ್ನೀಸಾ.

"ತಲಿ ಭಾಳ ಕಡೀತಿತ್ರಿ" ಎಂದಿತು ಹುಡುಗಿ.

ಆ ದಿನ ಹಸೀನಾಳಿಂದ ಶುದ್ಧಬರಹವನ್ನು ಎರಡೆರಡು ಸಲ ಬರೆಸಿದಳು.

ದೀಪಾವಳಿ ಸೂಟಿ ಮುಗಿದ ಮೇಲೆ ಶೇಖರ ಹೊಸ ಸುದ್ದಿ ತಂದರು. ದೊಡ್ಡ ಆಫೀಸಿನಿಂದ ಮೇಡಮ್ ಒಬ್ಬರು ಬರುತ್ತಾರೆ, ಎರಡೂ ವರ್ಗ ನೋಡುತ್ತಾರೆ, ಇಬ್ಬರಲ್ಲಿ ಒಬ್ಬರನ್ನು ಮುಖ್ಯ ಬಾಯಿ ಎಂದು ಕಾಯಂ ಮಾಡುತ್ತಾರೆ. ಮುಂದೆ ಬಾಂದ್ರಾ, ಅಂಧೇರಿಗೆ ಬರುವ ಹೊಸಬರೆಲ್ಲ ಅವಳ ಕೈಕೆಳಗೇ ಕಲಿಯಬೇಕು. ಅಮೀರುನ್ನೀಸಾ ಆ ಮಾತನ್ನು ಕೇಳುತ್ತಾ ಸುಂದ್ರವ್ವನ ಮುಖ ನೋಡಿದಳು. ಸುಂದ್ರವ್ವ ಯಾವುದೋ ಹುಡುಗಿಯ ತಲೆಯಲ್ಲಿ ಹೇನು ಹುಡುಕುತ್ತಿದ್ದಳು. ಆಸೆಯೇ ಇಲ್ಲದವಳ ಕೈಗೆ ಇದು ಹೋಗುತ್ತದೆ ಎಂದು ಅಮೀರುನ್ನೀಸಾಳಿಗೆ ಖಾತ್ರಿಯಾಯಿತು. ತನ್ನದೆಂದು ಇದ್ದದ್ದು ಇದೊಂದೇ, ಅದೂ ಹೋದರೆ ಮತ್ತೆ ಬರೀ ಪೇಂಟರನ ಹೆಂಡತಿ.

ಸುಂದ್ರವ್ವ ಸಾಲಿಯಿಂದ ಮರಳಿದ ಕೂಡಲೇ ಅಜೀಜಾಬಿ ಇಟ್ಟುಹೋದ ಕೊಡದಿಂದ ಒಂದು ಬೊಗಸೆ ನೀರು ತೆಗೆದು ಹೊಸ್ತಿಲಿಗೆ ಚಿಮುಕಿಸಿ, ಆಮೇಲೆ ದೀಪ ಹಚ್ಚುತ್ತಿದ್ದಳು. ದೀಪದ ಹೊತ್ತಿನಲ್ಲಿ ಹೊಸ್ತಿಲಿಗೆ ನೀರು ಹಾಕುವ ಪದ್ಧತಿ ಹಿಂದೂಗಳ ಮನೆಮನೆಯಲ್ಲಿ ಇರುವಂಥದ್ದು, ಅಮೀರುನ್ನೀಸಾ ಹುಟ್ಟಿದಾಗಿನಿಂದ ನೋಡಿದ್ದು. ಆದರೆ ಆ ಹೊತ್ತಿಗೆ ಸರಿಯಾಗಿ ಅಜೀಜಾಬಿ ಒಳಗೆ ಮಗ್ರಿಬ್ ನಮಾಜಿಗೆ ನಿಂತಿರುತ್ತಿದ್ದಳು, ಪಕ್ಕದ ಮನೆಯ ಬಾಗಿಲಲ್ಲಿ ನಡೆಯುವುದನ್ನು ಅವಳು ಕಂಡಿರಲಿಲ್ಲ. ಇನ್ನೊಂದು ಸಂಗತಿಯೂ ಸೊಸೆಗೆ ಗೊತ್ತಿತ್ತು. ಸಣ್ಣವಳಿದ್ದಾಗ ಅಜೀಜಾಬಿ, ತುರಕರು ಮುಟ್ಟಬಾರದೆಂದು ಊರಿನ ಬಾವಿಯ ದಂಡೆಯಿಂದ ದೂರ ನಿಂತು, ಮೇಲಿನಿಂದ ಯಾರಾದರೂ ಕೊಡಕ್ಕೆ ನೀರು ಸುರಿಯಲಿ ಎಂದು ಕಾದವಳು. ಮುದುಕಿ ಎಲ್ಲವನ್ನೂ ನಕ್ಕು ಹೇಳುತ್ತಿದ್ದಳು, ಅದೊಂದನ್ನು ಮಾತ್ರ ನಗದೆ ಹೇಳುತ್ತಿದ್ದಳು.

ಮೇಡಮ್ ಬರುವ ವಾರ, ಅಕ್ಕಿ ಆರಿಸುತ್ತಾ ಅಮೀರುನ್ನೀಸಾ ಅತ್ತೆಯ ಕಿವಿಗೆ ಹಾಕಿದಳು: "ಅಮ್ಮಾ, ನೀವು ಹೆಣಾ ಹೊತ್ತಂಗ ಹೊತ್ತು ಆಕೀ ನೀರ ತುಂಬತೀರಿ. ಆಕಿ ಏನ ಮಾಡತಾಳ ಗೊತ್ತೇನು? ತುರಕರ ಕೈ ಮುಟ್ಟಿದ್ದು ಅಂತ ಮ್ಯಾಲಿಂದ ಮ್ಯಾಲ ಹೊಸ್ತಲದಾಗ ಸುರುವಿ ಚೆಲ್ಲತಾಳ. ಕಣ್ಣಾರೆ ನೋಡೀನಿ."

ಬೊಗಸೆ ನೀರು ಅವಳ ನಾಲಿಗೆಯ ಮೇಲೆ ಅರ್ಧ ಕೊಡವಾಯಿತು. ಅಜೀಜಾಬಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ಹೌದಾ?" ಎಂದಳು, ಅಷ್ಟೇ. ಆ ಸಂಜೆ ನಳದ ಕಟ್ಟೆಯಿಂದ ಬರೀ ತನ್ನ ಕೊಡ ತುಂಬಿಕೊಂಡು ಬಂದಳು. ಸುಂದ್ರವ್ವನ ಕೊಡಗಳು ಸಾಲಿನಲ್ಲಿ ಒಣಗಿಕೊಂಡು ನಿಂತವು. ಮರುದಿನವೂ ಹಾಗೇ ಆಯಿತು. ಸುಂದ್ರವ್ವನ ಮಕ್ಕಳು ನೀರು ನೀರು ಎಂದು ಅತ್ತು, ರಾಮಪ್ಪ ಬೈದು, ಮೂರನೆಯ ದಿನ ಅವಳು ಸಾಲಿಗೆ ಬರಲಿಲ್ಲ. ಕೊಡ ಹಿಡಿದು ನಳಕ್ಕೆ ಹೋದಳು. ಮೇಡಮ್ ಬಂದದ್ದು ಅದೇ ದಿನ.

ಮೇಡಮ್ ಮರಾಠಿಯವರು, ಕಡ್ಡಿ ಮುರಿದಂಥ ಮಾತಿನವರು. ಎರಡೂ ವರ್ಗದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಸಾಲು ಹಿಡಿದು ಕೂಡಿಸಿ, ಉಕ್ತಲೇಖನ ಕೊಟ್ಟು, ಗದ್ದಲವಿಲ್ಲದಂತೆ ನೋಡಿಕೊಂಡ ಅಮೀರುನ್ನೀಸಾಳನ್ನು ಅವರು ಮೆಚ್ಚಿದರು. ಇನ್ನೊಬ್ಬ ಬಾಯಿ ಎಲ್ಲಿ ಎಂದು ಕೇಳಿದರು.

"ನೀರ ತುಂಬಾಕ ಹೋಗ್ಯಾಳ್ರಿ" ಎಂದಳು ಅಮೀರುನ್ನೀಸಾ. ಅದು ಸುಳ್ಳೇನೂ ಅಲ್ಲ. ಶೇಖರ ಮರಾಠಿಯಲ್ಲಿ ಹೇಳಿದಾಗ ಮೇಡಮ್ ತಲೆ ಕೊಡವಿದರು. ಹೋಗುವಾಗ, ಮುಖ್ಯ ಬಾಯಿ ಇವರೇ ಎಂದು ಹೇಳಿ ಹೋದರು.

ಸ್ಟೇಶನ್ ಬಳಿಯ ಅಂಗಡಿಯಲ್ಲಿ ಪೇಢೆ ಕೊಂಡು ಅಮೀರುನ್ನೀಸಾ ಹಾರುತ್ತಾ ಮನೆಗೆ ಬಂದಳು. ಒಳಗೆ ಅಜೀಜಾಬಿ ಗೋಡೆಗೆ ಒರಗಿ ಕೂತಿದ್ದಳು. ಮುಖ್ಯ ಬಾಯಿ ನಾನೇ ಎಂದು ಪೇಢೆಯ ಪೊಟ್ಟಣ ಮುಂದಿಟ್ಟರೆ ಮುಟ್ಟಲಿಲ್ಲ.

"ಇವತ್ತ ನಳದ ಹತ್ತರ ಸುಂದ್ರವ್ವನ್ನ ನಾ ಕೇಳಿದೆ" ಎಂದಳು. "ನಾ ತಂದ ನೀರ ಹೊಲಸೇನು, ಯಾಕ ಚೆಲ್ಲತಿ, ನನ್ನ ಸೊಸಿ ಕಣ್ಣಾರೆ ನೋಡ್ಯಾಳ ಅಂತ ಕೇಳಿದೆ. ಆ ಹುಡಿಗಿ ಮಾರಿ ನೋಡಬೇಕಿತ್ತು. ಕೈ ಹಿಡಕೊಂಡು ತನ್ನ ಬಾಗಿಲಿಗೆ ಕರಕೊಂಡು ಹೋದಳು, ದೀಪ ಹಚ್ಚೂ ಮುಂದ ಇಷ್ಟ ಹಾಕತೀನಿ ಅಂತ ನನ್ನ ಕೊಡದಾಗಿಂದ ಒಂದ ಬೊಗಸಿ ಹೊಸ್ತಲಕ್ಕ ಚಿಮುಕಿಸಿ, ಅದೇ ಕೊಡದಾಗಿನ ನೀರನ್ನ ಕುಡದು ತೋರಿಸಿದಳು."

ಅಮೀರುನ್ನೀಸಾ ಏನೋ ಹೇಳಲು ಬಾಯಿ ತೆರೆದಳು.

"ಬ್ಯಾಡ" ಎಂದಳು ಮುದುಕಿ. "ನನ್ನ ಮನಸಿನಾಗ ಎಲ್ಲಿ ಹುಣ್ಣ ಐತಿ ಅಂತ ನೋಡಿ ಅಲ್ಲೇ ಕೈ ಇಟ್ಟೀ ನೀ. ನಾಳಿಯಿಂದ ನಾ ಸುಂದ್ರವ್ವನ ಕೊಡಾ ತುಂಬತೀನಿ. ನನ್ನ ಮನಿ ಕೊಡಾ ನನ್ನ ಸೊಸಿ ತುಂಬಲಿ. ಮುಖ್ಯ ಬಾಯೋರು ಇದ್ದರೂ ಅಷ್ಟ, ಇರದಿದ್ದರೂ ಅಷ್ಟ."

ಉಸ್ಮಾನ ಕೆಲಸದಿಂದ ಬಂದು ಎಲ್ಲ ಕೇಳಿ, ಕೈ ತೊಳೆಯಲು ಎದ್ದುಹೋದ. ಅವ್ವನ ಮಾತಿಗೆ ಅವನು ಎಂದೂ ಎದುರಾಡಿದವನಲ್ಲ.

ಮರುದಿನ ಸಂಜೆ ಮುಖ್ಯ ಬಾಯೋರು ಕೊಡ ಹಿಡಿದು ನಳದ ಸಾಲಿನಲ್ಲಿ ನಿಂತಳು. ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಅವಳನ್ನು ತಿರುತಿರುಗಿ ನೋಡಿದರು. ಅತ್ತ ಓಣಿಯಲ್ಲಿ ಸುಂದ್ರವ್ವ ಸಾಲಿಗೆ ಹೊರಟಿದ್ದಳು, ಹಿಂದೆ ಎರಡೂ ವರ್ಗದ ಮಕ್ಕಳು. ಆ ದಿಬ್ಬಣವನ್ನು ನೋಡುತ್ತಾ ಅಮೀರುನ್ನೀಸಾಳಿಗೆ ನಾಚಿಕೆ ಆಗಬೇಕಿತ್ತು. ನಾಚಿಕೆಯೂ ಆಯಿತು, ಸುಳ್ಳೇಕೆ. ಆದರೆ ಅದರ ಹತ್ತರಷ್ಟು ಹೊಟ್ಟೆ ಉರಿಯಿತು. ಈ ಹೆಂಗಸು ಏನೂ ಮಾಡದೆ ಎಲ್ಲವನ್ನೂ ತೆಗೆದುಕೊಂಡಳು, ಕಡೆಗೆ ನನ್ನ ಅತ್ತೆಯನ್ನೂ, ಎಂದು.

ಒಂದು ವಾರ ಹೀಗೆ ಕಳೆಯಿತು. ಮುಖ್ಯ ಬಾಯಿಗೆ ಕಾಯಿಲೆಯೆಂದು ಶೇಖರ ಆಫೀಸಿಗೆ ತಿಳಿಸಿದರು. ವಾರದ ಕೊನೆಗೆ ಸುಂದ್ರವ್ವ ನಳದ ಹತ್ತಿರ ಬಂದಳು. ಧ್ವನಿ ಕೂತುಹೋಗಿತ್ತು, ಕಣ್ಣು ಕೆಂಪಾಗಿದ್ದವು. ಅಕ್ಕಾ ಎಂದು ಎಂದಿನಂತೆ ನಗಲಿಲ್ಲ.

"ನೀವು ಅಂದದ್ದನ್ನ ನಾ ಮರತಿಲ್ಲ" ಎಂದಳು. "ಮರೆಯೂದೂ ಇಲ್ಲ. ಆದರ ಅಷ್ಟೂ ಹುಡುಗರನ್ನ ನಾ ಒಬ್ಬಾಕಿ ಹಿಡೀಲಾರೆ. ನಿನ್ನೆ ಒಂದ ಹುಡುಗ ಗ್ವಾಡಿ ಜಿಗದು ರೈಲ ಹಳಿ ಕಡೆ ಓಡಿದ್ದ. ಮಲ್ಲವ್ವಗ ಹೇಳೀನಿ, ಆಕಿನೂ ಬರತಾಳ. ಮೂರ ಮಂದಿ ಆದ್ವಿ. ದಿನಕ್ಕ ಒಬ್ಬಾಕಿ ನಳಕ್ಕ ನಿಂತು ಮೂರೂ ಮನಿ ನೀರ ತುಂಬೂದು, ಇಬ್ಬರು ಸಾಲಿಗೆ ಹೋಗೂದು. ಗಿರಣಿ ಪಾಳಿ ಇದ್ದಂಗ. ಅಜೀಜಾಬಿ ಆಯಿನ್ನ ಕೇಳೀನಿ, ಹೂಂ ಅಂದಾರ."

ಇಡೀ ಜೂನು ಮನೆಮನೆ ತಿರುಗಿದವಳು ಅಮೀರುನ್ನೀಸಾ. ನಳ ನಳ ಎಂದು ನೂರು ಬಾಯಿಂದ ಕೇಳಿದವಳು ಅವಳು. ಇಷ್ಟು ಸರಳ ಮಾತು ತನಗೆ ಹೊಳೆಯದೆ ಇವಳಿಗೆ ಹೊಳೆಯಿತಲ್ಲ ಎಂಬ ಸಂಕಟದಲ್ಲಿ ಅವಳಿಗೆ ತಪ್ಪಾಯಿತು ಎನ್ನುವುದೂ ನೆನಪಾಗಲಿಲ್ಲ.

"ಸೋಮವಾರ ನಾ ಸಾಲಿಗೆ ಹೋಗತೀನಿ" ಎಂದಳು.

"ಹೋಗ್ರಿ" ಎಂದಳು ಸುಂದ್ರವ್ವ. "ನಿಮ್ಮ ಕೊಡಾ ನಾ ತುಂಬತೀನಿ."

ಪಾಳಿ ನಡೆಯಿತು. ಇಬ್ಬರ ಸಂಬಳದಲ್ಲಿ ಮೂವರನ್ನು ಹೇಗೆ ಹೊಂದಿಸಿದರೋ ಶೇಖರರಿಗೇ ಗೊತ್ತು. ಮುಂದಿನ ವರ್ಷ ಬಾಂದ್ರಾದಲ್ಲಿ, ಅದರ ಮುಂದಿನ ವರ್ಷ ಅಂಧೇರಿಯಲ್ಲಿ ವರ್ಗ ತೆರೆದಾಗ ಅಲ್ಲಿಯೂ ಹೆಂಗಸರನ್ನು ಒಬ್ಬೊಬ್ಬರಾಗಿ ಹುಡುಕಲಿಲ್ಲ, ಒಂದೇ ನಳದ ಮೂವರು ಮೂವರನ್ನು ಹಿಡಿದು ತಂದರು. ಅವರಿಗೆಲ್ಲ ಕಲಿಸಿದವಳು ಮುಖ್ಯ ಬಾಯಿ ಅಮೀರುನ್ನೀಸಾ. ಕೆಲಸದಲ್ಲಿ ಅವಳು ಗಟ್ಟಿ, ಅದರಲ್ಲಿ ಯಾರೂ ಬೆರಳು ಮಾಡುವಂತಿರಲಿಲ್ಲ. ಸುಂದ್ರವ್ವ ಮತ್ತು ಅವಳು ಒಂದೇ ಸಾಲಿಯಲ್ಲಿ ವರ್ಷಗಟ್ಟಲೆ ಕಲಿಸಿದರು, ಬೇಕಾದಷ್ಟೇ ಮಾತಾಡಿದರು. ಎದುರಿನ ಕೋಣೆಯಲ್ಲಿ ನಗು ಎದ್ದರೆ ಅಮೀರುನ್ನೀಸಾ ಎದ್ದುಹೋಗಿ ಬಾಗಿಲು ಮುಚ್ಚುತ್ತಿದ್ದಳು.

ಅಂಧೇರಿಯ ವರ್ಗ ತೆರೆದ ದಿನ ಅದೇ ಮರಾಠಿ ಮೇಡಮ್ ಬಂದಿದ್ದರು. ಬೇರೆ ಭಾಷೆಯ ಸಂಜೆವರ್ಗಗಳು ಜನ ಸಿಗದೆ ಮುಚ್ಚುತ್ತಿವೆ, ಕನ್ನಡದವರದು ಮಾತ್ರ ಬೆಳೆಯುತ್ತಿದೆ ಎಂದು ಎಲ್ಲರ ಮುಂದೆ ಹೊಗಳಿದರು. ಆಮೇಲೆ ಅಮೀರುನ್ನೀಸಾಳ ಕಡೆ ತಿರುಗಿ, ಈ ನಳದ ಪಾಳಿ ಯಾರ ತಲೆಗೆ ಹೊಳೆದದ್ದು ಎಂದು ಕೇಳಿದರು.

ಪಕ್ಕದಲ್ಲಿಯೇ ಸುಂದ್ರವ್ವ ನಿಂತಿದ್ದಳು. ಹೆಸರು ಹೇಳಲು ಎಷ್ಟು ಹೊತ್ತು ಬೇಕು? ತನ್ನದೆಂದು ಹೇಳುವಷ್ಟು ಧೈರ್ಯ ಅಮೀರುನ್ನೀಸಾಳಿಗೆ ಬರಲಿಲ್ಲ, ಸುಂದ್ರವ್ವನದೆಂದು ಹೇಳಲು ನಾಲಿಗೆ ಏಳಲಿಲ್ಲ.

"ನಮ್ಮ ಅತ್ತೀದ್ರಿ" ಎಂದುಬಿಟ್ಟಳು. "ಅಜೀಜಾಬಿ ಅಂತ."

ಮೇಡಮ್‌ಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಹೌದೇನು ಎಂಬಂತೆ ಸುಂದ್ರವ್ವನ ಕಡೆ ನೋಡಿದರು. ಅಮೀರುನ್ನೀಸಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಹೌದ್ರಿ" ಎಂದಳು ಸುಂದ್ರವ್ವ, ರೆಪ್ಪೆ ಕೂಡ ಅಲುಗಿಸದೆ. "ಆಯೀದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಮೀರುನ್ನೀಸಾಳೂ ತಟ್ಟಿದಳು. ತನ್ನ ಸುಳ್ಳನ್ನು ಎತ್ತಿಹಿಡಿಯಲು ಕೂಡ ಇದೇ ಹೆಂಗಸು ಬೇಕಾಯಿತಲ್ಲ ಎಂದು ಆ ಚಪ್ಪಾಳೆಯುದ್ದಕ್ಕೂ ಅವಳ ಹೊಟ್ಟೆ ಉರಿಯುತ್ತಲೇ ಇತ್ತು.